ಕೆಲಸಗಾರರನ್ನು ಒದಗಿಸುವ ವ್ಯವಹಾರ



ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸುವ ಏಜೆನ್ಸಿ ತೆರೆಯುವುದು ಹೇಗೆಂದು ನಮ್ಮ ಕೆಲ ತರುಣರು ಕೇಳಿದ್ದಾರೆ. ನಾನು ಮೆಟ್ರಿಕ್ ಓದಿದವನು, ಗಿರಣಿಯಲ್ಲಿ ಪಗಾರಪಟ್ಟಿ ಬರೆಯುವ ಗುಮಾಸ್ತ. ಲೆಕ್ಕದ ಮಾತನ್ನಷ್ಟೇ ಆಡಬಲ್ಲೆ.

ಇದಕ್ಕೆ ಯಂತ್ರ ಬೇಡ, ಗೋದಾಮು ಬೇಡ, ನಿಜ. ಆದರೆ ಕೈಗಂಟು ಬೇಕು. ತಲಾ 15,000 ರೂಪಾಯಿಯಂತೆ 20 ಜನರನ್ನು ಕೊಟ್ಟಿರೆನ್ನಿ. ತಿಂಗಳಿಗೆ 3 ಲಕ್ಷ. ಅವರ ಪಗಾರ ಮರುತಿಂಗಳ 7ನೇ ತಾರೀಖಿನೊಳಗೆ ಆಗಲೇಬೇಕು. ಕಂಪನಿಯವರೋ, ಬಿಲ್ಲಿನ ಹಣಕ್ಕೆ 60 ದಿನ ಕಾಯಿಸುತ್ತಾರೆ. ಮೊದಲ ಬಿಲ್ಲು ವಸೂಲಾಗುವಷ್ಟರಲ್ಲಿ ನಿಮ್ಮ 6 ಲಕ್ಷ ಹೊರಗೆ ಹೋಗಿರುತ್ತದೆ. ಜೊತೆಗೆ ಮಾಲಿಕನ ಪಾಲಿನ ಪ್ರಾವಿಡೆಂಟ್ ಫಂಡು ಶೇಕಡಾ 12, ಇ.ಎಸ್.ಐ. ಶೇಕಡಾ 3.25. ಹಣ ಕೈಗೆ ಬಾರದಿದ್ದರೂ ಬಿಲ್ಲಿನ ಮೇಲೆ ಶೇಕಡಾ 18 ಜಿ.ಎಸ್.ಟಿ. ಕಟ್ಟಬೇಕು. ಇಷ್ಟು ಶಕ್ತಿ ಇಲ್ಲದವರು ಐದೇ ಜನರಿಂದ ಆರಂಭಿಸಿರಿ.

ಕೈ ಬರಿದಾದಾಗ, ಕೆಲಸ ಕೇಳಿ ಬಂದವನಿಂದಲೇ 'ಠೇವಣಿ' ಎಂದು ಕೀಳುವ ಆಸೆ ಹುಟ್ಟುತ್ತದೆ. ಮುಂಬಯಿಯ ಹಳೆಯ ಗಿರಣಿಗಳಲ್ಲಿ ಜಾಬರನಿಗೆ ದಸ್ತೂರಿ ಕೊಡದೆ ಬದಲಿ ಕೆಲಸ ಸಿಗುವುದೂ ಕಷ್ಟವಿತ್ತು. ಅವನ ಹಿಡಿತ ತಪ್ಪಿಸಲೆಂದೇ 1935ರಲ್ಲಿ ಬದಲಿ ಚೀಟಿಯ ಪದ್ಧತಿ ಬಂತು. ನಿಮ್ಮ ಕಮಿಷನ್ನು ಕಂಪನಿಯಿಂದ ಬರಲಿ. ಊರಿಂದ ಟ್ರಂಕು ಹೊತ್ತು ಬಂದ ಹುಡುಗನ ಜೇಬಿಗೆ ಕೈ ಹಾಕಬೇಡಿರಿ.

ಒಪ್ಪಂದದ ನಮೂನೆ, ಲೈಸೆನ್ಸಿನ ಅರ್ಜಿ ನೋಡಬೇಕೆನ್ನುವವರು ರವಿವಾರ ಸಂಜೆ ವಾಚನಾಲಯಕ್ಕೆ ಬರಬಹುದು, ನಾನಿರುತ್ತೇನೆ.