ಫೋಟೋ ತಿದ್ದುವ ತಂತ್ರಾಂಶ: ಹೊಸಬರು ಯಾವುದನ್ನು ಆರಿಸಬೇಕು?

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಕತೆ, ಕವಿತೆ, ಪತ್ರಿಕೆಗಳ ಮಾತು ನಡೆಯುವ ಈ ಜಾಗದಲ್ಲಿ ಫೋಟೋ ತಿದ್ದುವ ತಂತ್ರಾಂಶದ ಮಾತೇಕೆ ಎಂದು ಕೆಲವರಿಗೆ ತೋರೀತು. ಆದರೆ ಇಂದು ನಮ್ಮಲ್ಲಿ ಕೈಯಲ್ಲಿ ಮೊಬೈಲ್ ಇಲ್ಲದವರು ವಿರಳ. ಮೊಬೈಲ್ ಇದ್ದವರ ಬಳಿ ಕ್ಯಾಮರಾ ಇದ್ದೇ ಇದೆ. ಹೊಟೇಲಿನ ಗಲ್ಲಾದಲ್ಲಿ ಕೂರುವವರಿಗೆ, ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವವರಿಗೆ, ಸಾಕಿನಾಕಾದ ವರ್ಕ್‌ಶಾಪುಗಳಲ್ಲಿ ದುಡಿಯುವವರಿಗೆ, ಎಲ್ಲರಿಗೂ ಒಂದಲ್ಲ ಒಂದು ದಿನ ಫೋಟೋ ತಿದ್ದುವ ಕೆಲಸ ಬಂದೇ ಬರುತ್ತದೆ. ಆಗ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: "ಫೋಟೋಶಾಪ್ ಹಾಕಿಸಿಕೊಳ್ಳಿ." ಈ ಉತ್ತರ ಎಷ್ಟು ಸರಿ ಎಂಬುದನ್ನು ಈ ಹೊತ್ತು ನಾವು ಕೂಡಿ ವಿಚಾರಿಸೋಣ.

ಅಂಗಡಿಗೆ ಹೋಗುವ ಮೊದಲು ಏನು ಬೇಕೆಂದು ಚೀಟಿ ಬರೆದುಕೊಳ್ಳುವುದು ಗೃಹಸ್ಥರ ಪದ್ಧತಿ. ಇಲ್ಲಿಯೂ ಹಾಗೆಯೇ. ಯಾವ ತಂತ್ರಾಂಶ ದೊಡ್ಡದು ಎಂಬ ಪ್ರಶ್ನೆ ಆಮೇಲಿನದು. ನಮ್ಮ ಕೆಲಸ ಯಾವುದು ಎಂಬುದು ಮೊದಲಿನದು. ನಮ್ಮಂಥವರಿಗೆ ಸಾಮಾನ್ಯವಾಗಿ ಒದಗುವ ಕೆಲಸಗಳು ಮೂರು. ಅರ್ಜಿಗೆ ಫೋಟೋ ಸಿದ್ಧಮಾಡುವುದು ಒಂದು. ಮನೆಯ ಹಳೆಯ ಫೋಟೋ ಸರಿಪಡಿಸುವುದು ಎರಡನೆಯದು. ಸಂಘದ ಕರಪತ್ರಕ್ಕೆ ಚಿತ್ರ ಮತ್ತು ಅಕ್ಷರ ಜೋಡಿಸುವುದು ಮೂರನೆಯದು.

ಮೊದಲನೆಯದಕ್ಕೆ ಹಣ ಖರ್ಚುಮಾಡುವ ಅಗತ್ಯವೇ ಇಲ್ಲ. ಬ್ಯಾಂಕ್ ನೌಕರಿಯ ಐಬಿಪಿಎಸ್ ಪರೀಕ್ಷೆಯ ಸೂಚನೆಗಳನ್ನು ನೋಡಿರಿ. ಫೋಟೋ ಸುಮಾರು 200 ಪಿಕ್ಸೆಲ್ ಅಗಲ, 230 ಪಿಕ್ಸೆಲ್ ಎತ್ತರ ಇರಬೇಕು, ಕಡತದ ತೂಕ 20ರಿಂದ 50 ಕೆಬಿಯೊಳಗೆ ಇರಬೇಕು ಎಂದು ಅಲ್ಲಿ ಹೇಳಿರುತ್ತದೆ. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟಿದ ಬಣ್ಣದ ಚುಕ್ಕೆ; ಕೆಬಿ ಎಂಬುದು ಕಡತದ ಗಾತ್ರದ ಅಳತೆ. ಅಂಚು ಕತ್ತರಿಸುವುದು, ಅಳತೆ ಇಳಿಸುವುದು, ಇಷ್ಟೇ ಇಲ್ಲಿನ ಕೆಲಸ. ಅಂಚು ಕತ್ತರಿಸಲು ಮೊಬೈಲಿನ ಫೋಟೋ ಆಲ್ಬಮ್ಮೇ ಸಾಕು. ಅಳತೆ ಇಳಿಸಲು ವಿಂಡೋಸ್ ಕಂಪ್ಯೂಟರಿನೊಡನೆ ಬರುವ ಪೇಂಟ್ ಸಾಕು. ಬೆಳಕು ಕಡಿಮೆಯಾದ ಚಿತ್ರವನ್ನು ತಿಳಿಗೊಳಿಸಬೇಕೆನ್ನುವವರಿಗೆ ಸ್ನ್ಯಾಪ್‌ಸೀಡ್ ಇದೆ. 2011ರಲ್ಲಿ ಹೊರಬಂದ ಇದನ್ನು ಮಾಡಿದ ಕಂಪನಿಯನ್ನು 2012ರಲ್ಲಿ ಗೂಗಲ್ ಕೊಂಡಿತು. ಅಂದಿನಿಂದ ಉಚಿತವಾಗಿ ಸಿಗುತ್ತಿದೆ. ನಾವು ಮಾಡಿದ ಒಂದೊಂದು ಬದಲಾವಣೆಯನ್ನೂ ಪಟ್ಟಿಮಾಡಿ ಇಟ್ಟುಕೊಂಡು, ಬೇಡವಾದುದನ್ನು ಹಿಂದೆ ತೆಗೆಯಲು ಬಿಡುವುದು ಇದರ ದೊಡ್ಡ ಗುಣ. ಇಷ್ಟೆಲ್ಲ ಅಂಗೈಯಲ್ಲಿರುವಾಗ ದೊಡ್ಡ ತಂತ್ರಾಂಶ ಹುಡುಕಿಕೊಂಡು ಹೋಗುವುದೆಂದರೆ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅರ್ಜಿಯ ಫೋಟೋದಲ್ಲಿ ಮುಖವನ್ನು ಬೆಳ್ಳಗೆ ಮಾಡುವುದು, ಕಲೆ ಅಳಿಸುವುದು ಕೂಡದು. ಈ ದೇಶದಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರದವರು ದೊಡ್ಡವರ ಫೋಟೋವನ್ನು ತಾವೇ ತೆಗೆಯುತ್ತಾರೆ. ಆದರೆ ಕೊಲ್ಲಿಯಲ್ಲಿರುವ ನಮ್ಮ ಅಣ್ಣತಮ್ಮಂದಿರು ಅಲ್ಲಿಂದ ಅರ್ಜಿ ಹಾಕುವಾಗ ಫೋಟೋ ತಾವೇ ಕೊಡಬೇಕು. ಕಂಪ್ಯೂಟರಿನಿಂದ ತಿದ್ದಿದ ಫೋಟೋ ಕೂಡದೆಂದು ಭಾರತೀಯ ರಾಯಭಾರ ಕಚೇರಿಗಳು 2025ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಇದೆ. ಚಂದ ಮಾಡಹೋಗಿ ಅರ್ಜಿಯೇ ಹಿಂದಕ್ಕೆ ಬಂದರೆ ಯಾರಿಗೆ ನಷ್ಟ?

ಇನ್ನು ಎರಡನೆಯ ಕೆಲಸ. ಇದು ಮನಸ್ಸಿಗೆ ಹತ್ತಿರವಾದದ್ದು. ಜಮ್‌ಶೇಟ್‌ಜಿ ಟಾಟಾ 1886ರಲ್ಲಿ ಕೊಂಡು ನಡೆಸಿದ ಕುರ್ಲಾದ ಸ್ವದೇಶಿ ಮಿಲ್ಲು 2000ದಲ್ಲಿ ಮುಚ್ಚಿತು. ಪದ್ಮಿನಿ ಕಾರುಗಳನ್ನು ತಯಾರಿಸುತ್ತಿದ್ದ ಪ್ರೀಮಿಯರ್ ಕಾರಖಾನೆಯೂ ಇಲ್ಲಿ ಈಗ ಇಲ್ಲ. ಅಂಥ ಕಡೆ ಪಾಳಿಯಲ್ಲಿ ದುಡಿದು ಊರಿಗೆ ಮನಿಯಾರ್ಡರ್ ಕಳಿಸಿದ ಹಿರಿಯರ ಮುಖ ಉಳಿದಿರುವುದು ಎಷ್ಟೋ ಮನೆಗಳಲ್ಲಿ ಒಂದೇ ಒಂದು ಸಣ್ಣ ಫೋಟೋದಲ್ಲಿ. ಮಳೆಗಾಲದ ತೇವಕ್ಕೆ ಅದೂ ಕಲೆಗಟ್ಟಿರುತ್ತದೆ, ಮಡಿಕೆಯಲ್ಲಿ ಬಿರಿದಿರುತ್ತದೆ. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂಬ ಆಸೆ ಯಾರಿಗೆ ಇಲ್ಲ?

ಇದಕ್ಕೆ ತಂತ್ರಾಂಶಕ್ಕಿಂತ ಮೊದಲು ಬೇಕಾದದ್ದು ಒಳ್ಳೆಯ ಸ್ಕ್ಯಾನ್. ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಬೇಕೆಂಬುದು ಸಾಮಾನ್ಯ ಲೆಕ್ಕ. ಎಂಟು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ಪಟ ಬೇಕಾದರೆ 2400ಕ್ಕೆ 3000 ಚುಕ್ಕೆಗಳಾದವು. ಮೂಲ ಫೋಟೋ ಎರಡು ಅಂಗುಲ ಅಗಲದ್ದಾದರೆ ಅಂಗುಲಕ್ಕೆ 1200 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸತಕ್ಕದ್ದು. ಅಂಗಡಿಯವನಿಗೆ ಈ ಸಂಖ್ಯೆಯನ್ನು ನಾವೇ ಹೇಳಬೇಕು. ಹೇಳದಿದ್ದರೆ ಆತ ಕಾಗದಪತ್ರಕ್ಕೆ ಮಾಡುವಂತೆ 200ರಲ್ಲೋ 300ರಲ್ಲೋ ಮಾಡಿ ಕೊಟ್ಟಾನು.

ಬಿರುಕು ಮುಚ್ಚಲು, ಕಲೆ ತೆಗೆಯಲು ನಾವು ಸೂಚಿಸುವುದು ಗಿಂಪ್ ಎಂಬ ತಂತ್ರಾಂಶವನ್ನು. ಇದನ್ನು 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಆರಂಭಿಸಿದರು. 2025ರಲ್ಲಿ ಇದರ ಮೂರನೆಯ ದೊಡ್ಡ ಆವೃತ್ತಿ ಹೊರಬಂದಿದೆ. ಪಕ್ಕದ ಒಳ್ಳೆಯ ಭಾಗವನ್ನು ನಕಲುಮಾಡಿ ಹಾಳಾದ ಕಡೆ ಹಚ್ಚುವ ಕ್ಲೋನ್, ಅದನ್ನು ಸುತ್ತಲಿನ ಬಣ್ಣಕ್ಕೆ ಬೆರೆಸುವ ಹೀಲ್, ಈ ಎರಡು ಉಪಕರಣ ಕಲಿತರೆ ಹಳೆಯ ಫೋಟೋದ ಬಹುಪಾಲು ಕೆಲಸ ಕೈಗೆ ಬಂತು. ದರ್ಜಿ ಹರಿದ ಬಟ್ಟೆಗೆ ಅದೇ ಬಟ್ಟೆಯ ತುಂಡಿನಿಂದ ತೇಪೆ ಹಾಕುವ ಹಾಗೆ.

ಇತ್ತೀಚೆಗೆ ಗುಂಡಿ ಒತ್ತಿದೊಡನೆ ಹಳೆಯ ಮುಖವನ್ನು ಹೊಳೆಯುವಂತೆ ಮಾಡಿಕೊಡುವ ಕೃತಕ ಬುದ್ಧಿಯ ಆಪ್‌ಗಳು ಬಂದಿವೆ. ನೋಡಲು ಸೊಗಸು. ಆದರೆ ಫೋಟೋದಲ್ಲಿ ಇಲ್ಲದ ವಿವರವನ್ನು ಯಂತ್ರ ಎಲ್ಲಿಂದ ತಂದೀತು? ತಾನು ನೋಡಿದ ಸಾವಿರಾರು ಬೇರೆ ಮುಖಗಳಿಂದ ಊಹಿಸಿ ಬರೆಯುತ್ತದೆ. ತಾಯಿಯ ಕಣ್ಣಿನ ಜಾಗದಲ್ಲಿ ಮತ್ತಾರದೋ ಕಣ್ಣು ಬಂದು ಕೂರುತ್ತದೆ. ಆಕೆಯನ್ನು ಕಂಡವರು ಇರುವತನಕ ಅದು ಆಕೆಯಲ್ಲವೆಂದು ಹೇಳಿಯಾರು; ಅವರ ಕಾಲ ಮುಗಿದ ಮೇಲೆ ಮೊಮ್ಮಕ್ಕಳು ಆ ಸುಳ್ಳು ಮುಖಕ್ಕೇ ಹೂವು ಏರಿಸುತ್ತಾರೆ. ಆದ್ದರಿಂದ ಬಿರುಕು ಮುಚ್ಚಿರಿ, ಕಲೆ ತೆಗೆಯಿರಿ. ಮುಖವನ್ನು ಮಾತ್ರ ಯಂತ್ರದ ಊಹೆಗೆ ಬಿಡಬೇಡಿರಿ. ಮಸುಕಾದರೂ ಅದು ನಮ್ಮವರ ಮುಖ.

ಮೂರನೆಯ ಕೆಲಸ ಸಂಘದ ಕರಪತ್ರ. ಇಲ್ಲಿ ನಮ್ಮ ಕನ್ನಡಕ್ಕೆ ವಿಶೇಷವಾದ ಒಂದು ತೊಡಕಿದೆ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ತಲೆಯ ಮೇಲೆ ಏರುತ್ತದೆ. ಈ ಜೋಡಣೆ ತಿಳಿಯದ ತಂತ್ರಾಂಶದಲ್ಲಿ 'ಯಕ್ಷಗಾನ' ಎಂದು ಬರೆದರೆ 'ಯಕ್‌ಷಗಾನ' ಎಂದು ಒಡೆದು ಬೀಳುತ್ತದೆ. ಹಿಂದಿನ ಫೋಟೋಶಾಪ್ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡಕ್ಕೆ ಈ ಗತಿಯೇ ಇತ್ತು. ಅದಕ್ಕಾಗಿಯೇ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಿಂದ ಕೆಲಸ ಸಾಗಿಸುತ್ತಿದ್ದರು. ಈಗಿನ ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಗಳಿಗೆ ಏರ್ಪಾಡು ಇದೆ. ಅದು ಆರಿಸಿದೆಯೇ ಎಂದು ಅಕ್ಷರಗಳ ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಬೇಕು. ಗಿಂಪ್ ಯೂನಿಕೋಡ್ ಕನ್ನಡವನ್ನು ತಾನಾಗಿಯೇ ಸರಿಯಾಗಿ ಜೋಡಿಸುತ್ತದೆ. ಯಾವುದನ್ನೇ ಆರಿಸಿರಿ, ಮೊದಲು 'ಶ್ರೀಕೃಷ್ಣ', 'ಸ್ವಾತಂತ್ರ್ಯ' ಎಂದು ಎರಡು ಪದ ಬರೆದು ನೋಡಿರಿ. ಆ ಪರೀಕ್ಷೆಯಲ್ಲಿ ಸೋತದ್ದು ಎಷ್ಟು ಹೆಸರುವಾಸಿಯಾದರೂ ನಮ್ಮ ಕರಪತ್ರಕ್ಕೆ ಒದಗದು.

ಹಾಗಾದರೆ ಫೋಟೋಶಾಪ್ ಬೇಡವೇ? ಹಾಗೆನ್ನಲಾಗದು. ಥಾಮಸ್ ನೋಲ್, ಜಾನ್ ನೋಲ್ ಎಂಬ ಸೋದರರು ರೂಪಿಸಿದ ಅದನ್ನು ಅಡೋಬಿ ಕಂಪನಿ 1990ರಲ್ಲಿ ಹೊರತಂದಿತು. ಸ್ಟುಡಿಯೋ, ಜಾಹೀರಾತು ಕಚೇರಿ, ಮುದ್ರಣಾಲಯಗಳಲ್ಲಿ ಅದರದೇ ಬಳಕೆ. ನಾಲ್ಕು ಬಣ್ಣದ ಮುದ್ರಣಕ್ಕೆ ಕಡತ ಸಿದ್ಧಮಾಡುವುದರಲ್ಲಿ ಗಿಂಪ್‌ಗಿಂತ ಅದು ಮುಂದಿದೆ. ಅಂಥ ಕಡೆ ನೌಕರಿ ಹಿಡಿಯಬೇಕೆನ್ನುವ ತರುಣರು ಅದನ್ನು ಕಲಿಯಲೇಬೇಕು. ಆದರೆ 2013ರ ಬಳಿಕ ಅದರ ಹೊಸ ಆವೃತ್ತಿಗಳು ಸಿಗುವುದು ಬಾಡಿಗೆಗೆ ಮಾತ್ರ. ಖೋಲಿಯ ಬಾಡಿಗೆಯಂತೆ ಕಟ್ಟುತ್ತಲೇ ಇರಬೇಕು, ನಿಲ್ಲಿಸಿದ ದಿನ ಬಾಗಿಲು ಮುಚ್ಚಿತು. ವರ್ಷಕ್ಕೆ ನಾಲ್ಕು ಫೋಟೋ ತಿದ್ದುವವರು ಪಗಾರದಿಂದ ಇದಕ್ಕೆ ಹಣ ತೆಗೆಯುವುದು ಜಾಣತನವಲ್ಲ.

"ಹಣವೇಕೆ? ಕದ್ದ ಪ್ರತಿ ಪುಕ್ಕಟೆ ಸಿಗುತ್ತದಲ್ಲ" ಎನ್ನುವವರೂ ಉಂಟು. 1957ರ ಕೃತಿಸ್ವಾಮ್ಯ ಕಾಯದೆಯಡಿ ಅಂಥದ್ದನ್ನು ತಿಳಿದೂ ಬಳಸುವುದು ಅಪರಾಧ. ಅದಕ್ಕಿಂತ ಹತ್ತಿರದ ಅಪಾಯವೆಂದರೆ, ಬೀಗ ಒಡೆದು ಕೊಟ್ಟವನು ಅದರೊಳಗೆ ತನ್ನ ಕಳ್ಳಗಂಡಿಯನ್ನೂ ಇಟ್ಟಿರಬಹುದು. ಬ್ಯಾಂಕಿನ ಲೆಕ್ಕ ನೋಡುವ ಕಂಪ್ಯೂಟರಿಗೆ ಅಂಥ ಅತಿಥಿಯನ್ನು ಯಾರು ಕರೆದಾರು? ಹೆಸರು ಕೇಳದ ಆಪ್‌ಗಳಿಗೆ ಆಧಾರ್ ಕಾರ್ಡಿನ ಚಿತ್ರವನ್ನೋ ಹೆಣ್ಣುಮಕ್ಕಳ ಫೋಟೋವನ್ನೋ ಏರಿಸುವ ಮುನ್ನವೂ ಇದೇ ವಿವೇಕ ಇರಲಿ.

ಗಿಂಪ್ ಉಚಿತ, ಕಾನೂನಿಗೂ ಸಲ್ಲುತ್ತದೆ. ಅದರ ಒಳಬರಹವನ್ನು ಯಾರೂ ನೋಡಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ನಮ್ಮ ವಾಚನಾಲಯದ ಬಾಗಿಲು ಚಂದಾ ಕೇಳದೆ ಎಲ್ಲರಿಗೂ ತೆರೆದಿರುವಂತೆ ಅದೂ ತೆರೆದಿದೆ. ಹಾಗೆಂದು ಉಚಿತವೆಲ್ಲ ಶಾಶ್ವತವೆಂದು ತಿಳಿಯಬಾರದು. ಬಹುಜನರಿಗೆ ಪ್ರಿಯವಾಗಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ಕೈಬಿಟ್ಟಿತು. ತಂತ್ರಾಂಶ ಬರುತ್ತದೆ, ಹೋಗುತ್ತದೆ, ಉಳಿಸಿಕೊಳ್ಳಬೇಕಾದದ್ದು ಮೂಲಚಿತ್ರ.

ಕೊನೆಯದಾಗಿ ಕಲಿಯುವ ಕ್ರಮ. ಮೂಲಫೋಟೋವನ್ನು ಎಂದಿಗೂ ತಿದ್ದಬೇಡಿರಿ. ಪ್ರತಿಮಾಡಿ, ಪ್ರತಿಯನ್ನು ತಿದ್ದಿರಿ. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಸ್ವಲ್ಪ ಸ್ವಲ್ಪ ಕೆಡುತ್ತದೆ ಎಂಬುದು ನೆನಪಿರಲಿ. ಮೊದಲ ವಾರ ಅಂಚು ಕತ್ತರಿಸುವುದು, ಎರಡನೆಯ ವಾರ ಬೆಳಕು-ನೆರಳು, ಮೂರನೆಯ ವಾರ ಕಲೆ ತೆಗೆಯುವುದು, ಆಮೇಲೆ ಪದರಗಳ ಕೆಲಸ. ಮೊಬೈಲಿನಲ್ಲಿ ಆರಂಭಿಸಿರಿ, ಅದು ಸಾಲದಾದಾಗ ಗಿಂಪ್‌ಗೆ ಬನ್ನಿರಿ, ಅದೂ ಸಾಲದೆಂದು ಕೆಲಸವೇ ಹೇಳಿದ ದಿನ ಬಾಡಿಗೆಯ ಮಾತು. ಮನೆಯಲ್ಲಿ ಹಿರಿಯರ ಫೋಟೋ ಒಂದೇ ಇದ್ದರೆ, ತಂತ್ರಾಂಶದ ವಿಚಾರ ಪಕ್ಕಕ್ಕಿರಲಿ, ಬರುವ ಮಳೆಗಾಲದೊಳಗೆ ಅದನ್ನು ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿರಿ. ತಿದ್ದುವುದನ್ನು ನಿಧಾನವಾಗಿ ಕಲಿಯಬಹುದು. ಕಳೆದುಹೋದದ್ದನ್ನು ಯಾವ ತಂತ್ರಾಂಶವೂ ತಂದುಕೊಡಲಾರದು.