ಬೆಟ್ಟದ ಮೇಲೆ ಆರು ಸೀಟಿ

ಸಿಂಹಗಡ ಹತ್ತಲು ಹೊರಟಿರುವ ಗೆಳತಿಯರೆ, ಇವತ್ತು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಮಾತು. ಅಲ್ಲಿ ಬೆಟ್ಟಕ್ಕೆ 'ಫೆಲ್' ಅನ್ನುತ್ತಾರೆ. ಅತಿ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಅರ್ಧ! ಆದರೂ ಮಂಜು ಕವಿದರೆ ದಾರಿ ತಪ್ಪುತ್ತದೆ. 999ಕ್ಕೆ ಕರೆಮಾಡಿದರೆ ಮೌಂಟನ್ ರೆಸ್ಕ್ಯೂ ತಂಡ ಬರುತ್ತದೆ. ಸಂಬಳದವರಲ್ಲ, ಕೈಗೆಲಸ ಬಿಟ್ಟು ಓಡಿಬರುವ ಊರವರು. ತಂಡ ನಡೆಯುವುದು ದೇಣಿಗೆಯಿಂದ, ಆದರೂ ಪಾರಾದವರಿಂದ ಒಂದು ಪೌಂಡೂ ಕೇಳುವುದಿಲ್ಲ. ಇದು ಬರೀ ಔದಾರ್ಯವಲ್ಲ. ಬಿಲ್ಲಿಗೆ ಹೆದರಿ ಕರೆ ತಡವಾದರೆ ಜೀವಕ್ಕೇ ಅಪಾಯ.

2021ರ ಫೆಬ್ರವರಿಯಲ್ಲಿ, ಲಾಕ್‌ಡೌನ್ ನಿಯಮ ಮುರಿದು ಕರ್ಕ್‌ಸ್ಟೋನ್ ಪಾಸ್ ಬಳಿ ಟೆಂಟ್ ಹಾಕಿದ್ದ ಒಬ್ಬನಿಗೆ ಎದೆನೋವು ಬಂತು. ನೆರವಿಗೆ ಹೊರಟ ಪ್ಯಾಟರ್‌ಡೇಲ್ ತಂಡದ ಸ್ವಯಂಸೇವಕರೊಬ್ಬರು ಸುಮಾರು 150 ಮೀಟರ್ ಕೆಳಗೆ ಬಿದ್ದರು. ಬೆನ್ನುಮೂಳೆಗೆ ಶಾಶ್ವತ ಪೆಟ್ಟು. ಅಂಥವನಿಗಾಗಿ ಯಾಕೆ ಹೋಗಬೇಕಿತ್ತು ಎಂದು ಕೇಳುವವರಿದ್ದಾರೆ. ನಾನು ಕೇಳಲಾರೆ. ತಪ್ಪು ಯಾರದೆಂದು ವಿಚಾರಣೆ ಮುಗಿಯುವ ತನಕ ಎದೆನೋವು ಕಾಯುತ್ತದೆಯೇ?

ಫೋನ್ ಸಿಗ್ನಲ್ ಇಲ್ಲದಿದ್ದರೆ ಅಲ್ಲಿನ ಸಂಕೇತ ಹೀಗೆ: ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಮೌನ, ಮತ್ತೆ ಆರು. ಉತ್ತರವಾಗಿ ಮೂರು ಸೀಟಿ ಕೇಳುತ್ತದೆ. ಕೇಳಿದ ಮೇಲೂ ನಿಲ್ಲಿಸಬಾರದು; ಆ ಸದ್ದು ಹಿಡಿದೇ ಅವರು ಹತ್ತಿರ ಬರುವುದು. ಎಲ್ಲರಿಗೂ ಒಂದೊಂದು ಸೀಟಿ ತಂದಿದ್ದೇನೆ, ಊಟದ ಕೂಪನ್ ಪಕ್ಕದಲ್ಲಿವೆ.