ಕಾಲುವೆಯ ಕೊನೆಯಲ್ಲಿರುವವರು



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಸಿಂಧನೂರು, ಮಸ್ಕಿ ಕಡೆಯ ಭತ್ತದ ರೈತರಿಗೆ ನಿದ್ದೆಯಿರಲಿಲ್ಲ. ಒಂದು ವಾರ ಹೆಣಗಿ ತಾತ್ಕಾಲಿಕ ಗೇಟು ಕೂರಿಸಿದರು. ಅದು ಮನುಷ್ಯರ ಕೆಲಸ, ಮಾಡಲೇಬೇಕಿತ್ತು. ಆದರೆ ಹರಿದುಹೋದ ನೀರನ್ನು ಮತ್ತೆ ತುಂಬಿಕೊಟ್ಟದ್ದು ಮಳೆ.

ರಕ್ಷಣೆಯೂ ಹೀಗೆಯೇ. ಶುಭಸಂದೇಶದ ಆ ಶ್ರೀಮಂತ ಯುವಕ ಆಜ್ಞೆಗಳನ್ನೆಲ್ಲ ಪಾಲಿಸಿದ್ದ. ಇದ್ದುದನ್ನು ಬಡವರಿಗೆ ಕೊಟ್ಟು ತಮ್ಮನ್ನು ಹಿಂಬಾಲಿಸೆಂದು ಯೇಸುಸ್ವಾಮಿ ಹೇಳಿದಾಗ ಮುಖ ಬಾಡಿತು. ಹಾಗಾದರೆ ಯಾರಿಗೆ ರಕ್ಷಣೆ ಎಂದು ಶಿಷ್ಯರು ಗಾಬರಿಯಾದರು. ಅದು ಮನುಷ್ಯರ ಕೈಯಲ್ಲಿಲ್ಲ, ದೇವರ ಕೈಯಲ್ಲಿದೆ ಎಂದರು ಸ್ವಾಮಿ. ನಾವೋ, ನವೇನ, ಹರಕೆ, ಉಪವಾಸಗಳ ಪಟ್ಟಿ ಹಿಡಿದು ದೇವರಲ್ಲಿ ಕೂಲಿ ಕೇಳುತ್ತೇವೆ! ನವೇನ ಬೇಡವೆನ್ನುತ್ತಿಲ್ಲ, ಅದು ಕಾಲುವೆಯ ಹೂಳೆತ್ತಿದಂತೆ. ನೀರು ಮಾತ್ರ ಮೇಲಿನಿಂದಲೇ ಬರಬೇಕು.

ದೀಕ್ಷಾಸ್ನಾನದಲ್ಲಿ ಆ ವರಪ್ರಸಾದ ನಮಗೆ ಪುಕ್ಕಟೆಯಾಗಿ ದೊರೆತಿದೆ. ಮೇಲ್ಭಾಗದವರು ಪಂಪ್‌ಸೆಟ್ ಹಚ್ಚಿ ನೀರೆಳೆದರೆ ಕೊನೇ ಭಾಗದವರ ಪೈರು ಒಣಗುತ್ತದೆ. ಆಗ ನಮಗೆಷ್ಟು ಸಿಟ್ಟು! ನಮ್ಮ ಧರ್ಮಕೇಂದ್ರದಲ್ಲಿ ಕೊನೇ ಭಾಗದವರು ಯಾರು? ಮಕ್ಕಳು ಬೆಂಗಳೂರಿಗೆ ಗುಳೆ ಹೋದ ಮೇಲೆ ಲಿಂಗಸುಗೂರಿನ ಹಳ್ಳಿಯಲ್ಲಿ ಒಂಟಿಯಾಗಿ ಉಳಿದ ಅಜ್ಜಿ. ಹೊಲದ ಬದುವಿಗಾಗಿ ನಾವು ಮಾತು ಬಿಟ್ಟ ತಮ್ಮ. ನಿನ್ನೆ ಪಾಪನಿವೇದನೆ ಮಾಡಿ ಕ್ಷಮೆ ಪಡೆದೆವಲ್ಲ, ಇಂದಿನ ಹಬ್ಬದ ಊಟಕ್ಕೆ ಅವರನ್ನು ಕರೆದಿದ್ದೇವೆಯೇ?